ಗೋಡೆಯ ಪಟ, ಏರಿಯ ಕಲ್ಲು

ಪ್ರಭು ಯೇಸು ಹನ್ನೆರಡು ಮಂದಿ ಶಿಷ್ಯರೊಡನೆ ಕಡೆಯ ಭೋಜನಕ್ಕೆ ಕುಳಿತಿರುವ ಪಟವೊಂದು ತಮ್ಮ ಮನೆಯ ಗೋಡೆಯ ಮೇಲೆಯೂ ಇದ್ದೀತು. ಮದುವೆಯಲ್ಲಿ ಯಾರೋ ಉಡುಗೊರೆಯಾಗಿ ಕೊಟ್ಟದ್ದೋ, ವೇಳಾಂಗಣ್ಣಿಗೆ ಹೋದಾಗ ಕೊಂಡು ತಂದದ್ದೋ ಇರಬೇಕು. ವರ್ಷಕ್ಕೊಮ್ಮೆ, ಕ್ರಿಸ್ಮಸ್ಸಿಗೆ ಸುಣ್ಣ ಬಳಿಯುವಾಗ, ಅದನ್ನು ಇಳಿಸಿ ಧೂಳು ಒರೆಸಿ ಮತ್ತೆ ಅದೇ ಮೊಳೆಗೆ ತೂಗುಹಾಕುತ್ತೇವೆ. ಅದರ ಮುಂದೆ ನಿಂತು ನೋಡುವವರು ಕಡಿಮೆ.

ನೋಡಿದವರೊಬ್ಬರನ್ನು ನಾನು ಕಂಡೆ. ಕಾಮಸಮುದ್ರದ ಆಸುಪಾಸಿನ ವಿಶ್ವಾಸಿಗಳ ಕೂಟವೊಂದು ಕಲೆ ಮತ್ತು ಚರಿತ್ರೆಯನ್ನು ಕುರಿತ ಉಪನ್ಯಾಸಗಳನ್ನು ಏರ್ಪಡಿಸಿತ್ತು. ದೂರದಿಂದ ಬಂದಿದ್ದ ಉಪನ್ಯಾಸಕರು ಪ್ರೊಜೆಕ್ಟರಿನ ಬೆಳಕಿನಲ್ಲಿ ಒಂದು ಗಂಟೆಯೊಳಗೆ ಅರವತ್ತಕ್ಕೂ ಮಿಕ್ಕಿ ಚಿತ್ರಗಳನ್ನು ತೋರಿಸಿದರು. ಲಿಯೊನಾರ್ಡೊ ದ ವಿಂಚಿಯ ಕಡೆಯ ಭೋಜನ ತೆರೆಯ ಮೇಲೆ ಬಂದಾಗ ಹಿಂದಿನ ಸಾಲಿನಿಂದ ಅಜ್ಜಿಯೊಬ್ಬರು ಎದ್ದು ಕೇಳಿದರು: "ಸಾರ್, ನಮ್ಮನೇಲಿರೋ ಪಟದಲ್ಲಿ ಸ್ವಾಮಿ ಪಾದ ಕಾಣಿಸ್ತದೆ. ಇದರಲ್ಲಿ ಯಾಕಿಲ್ಲ?" ಕೆಲವರು ನಕ್ಕರು. ಉಪನ್ಯಾಸಕರು ಒಳ್ಳೆಯ ಪ್ರಶ್ನೆಯೆಂದು ಹೇಳಿ ಮುಂದಿನ ಚಿತ್ರಕ್ಕೆ ಹೋದರು.

ಅಂದಿನ ಸಂಜೆಯ ಅತ್ಯುತ್ತಮ ಕಲಾವಿಮರ್ಶೆ ಆ ಅಜ್ಜಿಯದು. ಉತ್ತರ ದೊರೆಯದೆ ಹೋದ ಆ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಬೇಕು.

ಮಿಲಾನ್ ನಗರದ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಮಠದಲ್ಲಿ ಸನ್ಯಾಸಿಗಳು ಊಟಮಾಡುತ್ತಿದ್ದ ಶಾಲೆಯ ಗೋಡೆಯ ಮೇಲೆ ಲಿಯೊನಾರ್ಡೊ ಈ ಚಿತ್ರವನ್ನು 1495ರಿಂದ 1498ರ ನಡುವೆ ಬರೆದನು. ಗೋಡೆಯ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚುವುದು ಅಂದಿನ ವಾಡಿಕೆ. ಹಾಗೆ ಹಚ್ಚಿದ ಬಣ್ಣ ಗಾರೆಯೊಳಗೆ ಇಳಿದು ನಿಲ್ಲುತ್ತದೆ, ಆದರೆ ಚಿತ್ರಕಾರನು ಅವಸರದಿಂದ ಮುಗಿಸಬೇಕಾಗುತ್ತದೆ. ಲಿಯೊನಾರ್ಡೊ ಅವಸರದ ಮನುಷ್ಯನಲ್ಲ. ಒಣಗಿದ ಗೋಡೆಯ ಮೇಲೆ ನಿಧಾನವಾಗಿ, ತಿದ್ದಿ ತೀಡಿ ಬರೆದನು. ಆತನು ಬದುಕಿರುವಾಗಲೇ ಬಣ್ಣ ಚಕ್ಕೆಯೇಳತೊಡಗಿತು. ಬಳಿಕ 1652ರಲ್ಲಿ ಅದೇ ಗೋಡೆಯ ನಡುವೆ ಬಾಗಿಲೊಂದನ್ನು ಕೊರೆದರು. ಊಟದ ಶಾಲೆಗೂ ಅಡುಗೆಮನೆಗೂ ದಾರಿ ಸಲೀಸಾಗಬೇಕಿತ್ತಂತೆ. ಆ ಬಾಗಿಲಿನ ಮೇಲ್ಭಾಗವು ಮೇಜಿನ ಕೆಳಗಿದ್ದ ಪ್ರಭುವಿನ ಪಾದಗಳನ್ನು ನುಂಗಿಬಿಟ್ಟಿತು. ಆದರೆ ಅದಕ್ಕೂ ಮೊದಲೇ, ಸುಮಾರು 1520ರ ಹೊತ್ತಿಗೆ, ಜಾಂಪಿಯೆತ್ರಿನೊ ಎಂಬಾತನು ಇಡೀ ಚಿತ್ರವನ್ನು ನಕಲು ಮಾಡಿದ್ದನು. ಆ ನಕಲಿನಲ್ಲಿ ಪಾದಗಳಿವೆ. ಅಜ್ಜಿಯ ಮನೆಯ ಪಟವು ಇಂಥ ಯಾವುದೋ ಹಳೆಯ ನಕಲಿನ ಸಂತತಿಗೆ ಸೇರಿದ್ದಿರಬೇಕು. ಹಾಗಾಗಿ ಮೂಲದಲ್ಲಿ ಅಳಿದದ್ದು ನೂರಿನ್ನೂರು ರೂಪಾಯಿಯ ಪಟದಲ್ಲಿ ಉಳಿದಿದೆ!

ಆ ರಾತ್ರಿ ಪ್ರಭುವು ಶಿಷ್ಯರ ಪಾದಗಳನ್ನು ತೊಳೆದರೆಂದು ಸಂತ ಯೊವಾನ್ನನು ಬರೆಯುತ್ತಾನೆ. ಶಿಷ್ಯರ ಪಾದ ತೊಳೆದವರ ಪಾದಗಳೇ ಮಠದ ಊಟದ ಅನುಕೂಲಕ್ಕಾಗಿ ಇಲ್ಲವಾದವು. ಪ್ರೊಜೆಕ್ಟರನ್ನು ಅಲ್ಲಿಯೇ ನಿಲ್ಲಿಸಿ ಇಷ್ಟನ್ನು ಹೇಳಿದ್ದರೆ ಉಳಿದ ಚಿತ್ರಗಳ ಅಗತ್ಯವೇ ಇರುತ್ತಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1943ರ ಆಗಸ್ಟಿನಲ್ಲಿ ಬಾಂಬು ಬಿದ್ದು ಆ ಶಾಲೆಯ ಸೂರು ಕುಸಿದರೂ ಮರಳಿನ ಮೂಟೆಗಳ ಆಸರೆಯಲ್ಲಿ ಈ ಗೋಡೆ ನಿಂತಿತು. 1978ರಿಂದ 1999ರವರೆಗೆ ಅದನ್ನು ಅಂಗುಲ ಅಂಗುಲವಾಗಿ ಶುಚಿಗೊಳಿಸಿದರು. ಕಲೆ ಮತ್ತು ಚರಿತ್ರೆ ಎಂಬ ಎರಡು ಮಾತುಗಳೂ ಒಂದೇ ಗೋಡೆಯ ಮೇಲೆ ಸಿಕ್ಕಿದ್ದವು.

ಇಂಥ ಉಪನ್ಯಾಸಗಳ ಬಗ್ಗೆ ನನ್ನ ಮುಖ್ಯ ಆಕ್ಷೇಪಣೆ ಇದೇ: ಅವು ತೋರಿಸುತ್ತವೆ, ನೋಡಲು ಬಿಡುವುದಿಲ್ಲ. ವಿದೇಶದ ಚಿತ್ರಗಳೇ ಬೇಡವೆನ್ನುವ ಪಕ್ಷ ನನ್ನದಲ್ಲ. ಎರಡು ಮೂರು ತಲೆಮಾರುಗಳಿಂದ ನಮ್ಮ ಗೋಡೆಯ ಮೇಲಿರುವ ಪಟವನ್ನು ಪರಕೀಯವೆಂದು ಹೇಗೆ ಅನ್ನುವುದು? ಹಾಗೆಂದು ಯೂರೋಪಿನ ಮುಖವೇ ಪ್ರಭುವಿನ ನಿಜಮುಖವೆಂದು ತಿಳಿಯುವುದೂ ತಪ್ಪು. ಯಾವುದೇ ಒಂದು ಕಲಾಶೈಲಿಯನ್ನು ಧರ್ಮಸಭೆ ತನ್ನದೇ ಎಂದು ಆರಿಸಿಕೊಂಡಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸಾರಿತು. ಅದಕ್ಕೂ ಹಿಂದೆಯೇ ಗೋವೆಯ ಆಂಜೆಲೊ ದ ಫೊನ್ಸೆಕಾ ಮಾತೆ ಮರಿಯಮ್ಮನಿಗೆ ಸೀರೆಯುಡಿಸಿ ಚಿತ್ರಿಸಿದರು. ಸ್ವಂತ ನಾಡಿನ ಸಭೆಯ ವಿರೋಧವನ್ನು ಎದುರಿಸಿ ಪುಣೆಯನ್ನು ಸೇರಬೇಕಾಯಿತು. ನಮ್ಮ ಬೆಂಗಳೂರಿನ ಬಳಿಯ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿಯವರು ಈ ಮಣ್ಣಿನ ರೂಪಗಳಲ್ಲಿ ಕ್ರಿಸ್ತನನ್ನು ಅರಸಿದವರು. ಅರವತ್ತು ಚಿತ್ರಗಳಲ್ಲಿ ಇವರಿಬ್ಬರ ಒಂದೂ ಇರಲಿಲ್ಲ.

ಚರಿತ್ರೆಯ ಸಂಜೆಯದೂ ಇದೇ ಕಥೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಬಂದದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದದ್ದು, ಸುಮಾರು 800 ಟನ್ ಚಿನ್ನ ಹೊರಬಂದದ್ದು, 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ್ದು, ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವರ ಮಕ್ಕಳು ಮೊಮ್ಮಕ್ಕಳು ಎದುರಿನ ಬೆಂಚುಗಳಲ್ಲಿಯೇ ಕುಳಿತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಬಂಡೆ ಸಿಡಿದ ರಾತ್ರಿ ಲೈನ್ ಮನೆಗಳಲ್ಲಿ ಹೆಂಗಸರು ಹೇಗೆ ಕಾದರೆಂಬುದು ಕಂಪನಿಯ ಲೆಕ್ಕಪುಸ್ತಕದಲ್ಲಿ ಸಿಗುವ ಸಂಗತಿಯಲ್ಲ. ಅದನ್ನು ಹೇಳಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕೇಳಿಸಿಕೊಳ್ಳಲು ಅವರಿಗೆ ಬಿಡುವೆಲ್ಲಿ? ದೇವಾಲಯದ ಬೀರುವಿನಲ್ಲಿ ದೀಕ್ಷಾಸ್ನಾನದ, ಮದುವೆಯ, ಮರಣದ ರಿಜಿಸ್ಟರುಗಳಿವೆ. ತಂದೆತಾಯಿಯರ ಹೆಸರು, ಜ್ಞಾನಪೋಷಕರ ಹೆಸರು ಅವುಗಳಲ್ಲಿ ಸಾಲುಸಾಲಾಗಿವೆ. ಗೆದ್ದಲು ಹತ್ತುವ ಮುನ್ನ ಅವುಗಳ ನಕಲು ತೆಗೆಯುವುದು ಒಂದು ಉಪನ್ಯಾಸಕ್ಕಿಂತ ದೊಡ್ಡ ಕೆಲಸ.

ಗಣಿಗಿಂತ ಹಳೆಯದೂ ನಮ್ಮಲ್ಲಿದೆ. ಹೈದರಾಲಿಯ ಜನ್ಮಸ್ಥಳವೆಂದು ಹೇಳುವ ಬೂದಿಕೋಟೆ ಇದೇ ತಾಲ್ಲೂಕಿನದು. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಇಡೀ ಕೋಲಾರ ಜಿಲ್ಲೆಗೆ ಮೀಸಲು. ಅಂದು ಬೌರಿಂಗ್‌ಪೇಟೆ ಎನಿಸಿದ್ದ ನಮ್ಮ ಬಂಗಾರಪೇಟೆ ತಾಲ್ಲೂಕಿಗೆ ಅದರಲ್ಲಿ ಬೇರೆಯೇ ಭಾಗವಿದೆ. ಕೋಲಾರ ಸೀಮೆಯಲ್ಲಿ ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ವಾಲಿ ನಿಂತ ವೀರಗಲ್ಲುಗಳನ್ನು ತಾವು ಕಂಡಿರಬಹುದು. ಮೂರು ಅಂತಸ್ತಿನ ಕಲ್ಲಾದರೆ ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ಅನೇಕ ಕಡೆ ಊರಿನ ದನಗಳನ್ನು ಬಿಡಿಸಲು ಹೋರಾಡಿ ಮಡಿದದ್ದು. ನಡುವೆ ದೇವಕನ್ಯೆಯರು ವೀರನನ್ನು ಎತ್ತಿಕೊಂಡು ಹೋಗುವುದು. ಮೇಲೆ ದೇವಸನ್ನಿಧಿ. ತುರುಗಳಿಗಾಗಿ ಪ್ರಾಣ ಕೊಟ್ಟವನನ್ನು ಕಂಡಾಗ ಒಳ್ಳೆಯ ಕುರುಬನ ನೆನಪು ನಮಗೆ ಬಾರದೆ ಇರದು. ಆದರೂ ಆ ವೀರನನ್ನು ಆತುರದಿಂದ ಕ್ರಿಸ್ತನನ್ನಾಗಿಸುವುದು ಬೇಡ. ಅವನು ಆ ಊರಿನವನು, ಅವನಿಗೆ ಅವನದೇ ದೇವರಿದ್ದನು. ಅಷ್ಟು ಗೌರವವನ್ನು ನಾವು ಸಲ್ಲಿಸಬೇಕು.

ಇನ್ನು ಭಾಷೆಯ ಮಾತು. ಕಾಮಸಮುದ್ರವು ಮೂರು ರಾಜ್ಯಗಳು ಸಂಧಿಸುವ ಸೀಮೆಯಲ್ಲಿದೆ. ಇಲ್ಲಿ ಒಂದೇ ಜಗಲಿಯ ಮೇಲೆ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುತ್ತವೆ. ಉಪನ್ಯಾಸವು ಎಷ್ಟು ಗ್ರಾಂಥಿಕವಾಗಿತ್ತೆಂದರೆ ಕನ್ನಡವೇ ಮನೆಮಾತಾದ ನನಗೂ ಒಂದೆರಡು ಕಡೆ ತಡವರಿಸಿತು. (ಈ ಲೇಖನದ ಕನ್ನಡವೂ ಆ ದೋಷದಿಂದ ಮುಕ್ತವಲ್ಲವೆಂದು ಒಪ್ಪುತ್ತೇನೆ.) ಅಜ್ಜಿಯ ಪ್ರಶ್ನೆಗೆ ಜನ ನಕ್ಕದ್ದು ಪ್ರಶ್ನೆ ಹುರುಳಿಲ್ಲದ್ದೆಂದಲ್ಲ, ಅವರ ಮಾತಿನಲ್ಲಿ ತೆಲುಗಿನ ರಾಗವಿತ್ತೆಂದು.

ಆ ಕೂಟದವರು ಮುಂದಿನ ವರ್ಷವೂ ಉಪನ್ಯಾಸಗಳನ್ನು ನಡೆಸುವರಂತೆ. ಸಂತೋಷ, ಕರೆದರೆ ನಾನೂ ಹೋಗುವೆನು. ಅರವತ್ತರ ಬದಲು ಮೂರು ಚಿತ್ರಗಳು ಸಾಕು. ಒಂದು ಸಂಜೆಯನ್ನು ಸಭಾಂಗಣದಲ್ಲಿ ಕಳೆಯದೆ ವೀರಗಲ್ಲಿರುವ ಯಾವುದಾದರೊಂದು ಏರಿಯ ಮೇಲೆ, ಹೊತ್ತು ಮುಳುಗುವ ಮುನ್ನ, ಕಳೆಯಲಿ. ಓರೆಬಿಸಿಲಿನಲ್ಲಿ ಕಲ್ಲಿನ ಸವೆದ ಗೆರೆಗಳು ಎದ್ದು ಕಾಣುತ್ತವೆ. ಮೊದಲ ದಿನ ಮಾತ್ರ ಆ ಅಜ್ಜಿಯ ಮನೆಯ ಪಟವನ್ನು ಕೇಳಿ ತಂದು, ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡಬೇಕು.