ಜಗದ್ದಲನ ಹಾರ್ನು

ಚಳಿಗಾಲ ಬಂತೆಂದರೆ ಕೋಲ್ಕತ್ತದಲ್ಲಿ ಹಳೆಯ ವಾಹನಗಳ ರ‍್ಯಾಲಿ. ಸ್ಟೇಟ್ಸ್‌ಮನ್ ಪತ್ರಿಕೆಯವರು 1960ರ ದಶಕದಲ್ಲಿ ಶುರುಮಾಡಿದ್ದು. ಆಸ್ಟಿನ್, ಫೋರ್ಡ್ ಕಾರುಗಳ ನಡುವೆ ಎರಡನೇ ಮಹಾಯುದ್ಧದ ಜೀಪುಗಳೂ ಬರುತ್ತವೆ, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ ಹೊತ್ತು. ಹೌರಾ ಸ್ಟೇಷನ್ ಬಳಿಯ ರೈಲು ಮ್ಯೂಸಿಯಮ್ಮಿನಲ್ಲೂ ಇಂಥದೇ ಸಡಗರ: ಬಣ್ಣ ಹೊಡೆದು ನಿಲ್ಲಿಸಿದ ಎಂಜಿನುಗಳು, ಮುಂದೆ ನಿಂತು ಸೆಲ್ಫಿ. ನಾನೂ ತೆಗೆಸಿಕೊಂಡಿದ್ದೇನೆ. ಆದರೆ ಋತ್ವಿಕ್ ಘಟಕರ ಮೂರು ಸಿನಿಮಾಗಳನ್ನು ಮತ್ತೆ ನೋಡಿದ ಮೇಲೆ ಆ ಫೋಟೋಗಳು ಸಪ್ಪೆ ಎನಿಸತೊಡಗಿವೆ.

ಮೊದಲನೆಯದು 'ಅಜಾಂತ್ರಿಕ್' (1958). ಬಿಮಲ್ ಎಂಬ ಟ್ಯಾಕ್ಸಿ ಡ್ರೈವರು, ಅವನ 1920ರ ಷೆವರ್ಲೆ. ಕಾರಿಗೆ ಜಗದ್ದಲ ಎಂದು ಹೆಸರು. ಬಿಮಲ್ ಅದರ ಜೊತೆ ಮಾತಾಡುತ್ತಾನೆ, ಮುನಿಸಿಕೊಳ್ಳುತ್ತಾನೆ. ರೇಡಿಯೇಟರಿಗೆ ನೀರು ಹುಯ್ದರೆ ಅದು ಗಟಗಟ ಕುಡಿಯುತ್ತದೆ. ಹಳೆ ಗಾಡಿಯ ಹುಚ್ಚನ್ನು ಇಷ್ಟು ಚೆನ್ನಾಗಿ ತೋರಿಸಿದ ಸಿನಿಮಾ ನಾನು ನೋಡಿಲ್ಲ. ಆದರೆ ಜಗದ್ದಲ ದುಡಿಯುವ ಗಾಡಿ. ಅದು ಓಡಿದರೆ ಬಿಮಲನಿಗೆ ಅನ್ನ. ನಮ್ಮ ಮಲೆನಾಡಿನಲ್ಲಿ ಯುದ್ಧಕಾಲದ ಮಿಲಿಟರಿ ಲಾರಿಗಳು ಮಳೆಗಾಲದ ಕೆಸರಿನಲ್ಲಿ ದಿಮ್ಮಿ ಎಳೆಯುವುದನ್ನು ನೋಡಿದವರಿಗೆ ಈ ಸಂಬಂಧ ಬಿಡಿಸಿ ಹೇಳಬೇಕಿಲ್ಲ. ಬೈಗುಳ, ಹಗ್ಗ, ತಂತಿ, ದೇವರ ಪಟ ಎಲ್ಲ ಸೇರಿ ಓಡುವ ಗಾಡಿಗಳವು. ರ‍್ಯಾಲಿಯ ಪ್ರೀತಿ ಶುರುವಾಗುವುದೇ ಗಾಡಿ ದುಡಿಮೆ ನಿಲ್ಲಿಸಿದ ಮೇಲೆ.

'ಸುವರ್ಣರೇಖಾ' (1965) ಇನ್ನೂ ಕಠೋರ. ಯುದ್ಧ ಮುಗಿದು ಪಾಳುಬಿದ್ದ ವಿಮಾನದ ಪಟ್ಟಿಯಲ್ಲಿ, ಮುರಿದ ವಿಮಾನದ ಸುತ್ತ, ಇಬ್ಬರು ನಿರಾಶ್ರಿತ ಮಕ್ಕಳು ಆಡುತ್ತಾರೆ. ಸೀತಾ, ಅಭಿರಾಮ. ಅವರ ಖುಷಿ ನಿಜವಾದದ್ದು. ಘಟಕ್ ಅದನ್ನು ಗೇಲಿ ಮಾಡುವುದಿಲ್ಲ. ಆದರೆ ಅದೇ ಪಟ್ಟಿಯ ಮೇಲೆ ಒಂದು ದಿನ ಸೀತೆಗೆ ಕಾಳಿಯ ವೇಷ ತೊಟ್ಟ ಬಹುರೂಪಿ ಎದುರಾಗುತ್ತಾನೆ, ಹುಡುಗಿ ನಡುಗಿಹೋಗುತ್ತಾಳೆ. ಅವಶೇಷ ಒಂದೇ, ಅದರಲ್ಲಿ ಆಟವೂ ಇದೆ, ಸಾವೂ ಇದೆ. ಮುಂದೆ ಅಭಿರಾಮ ಕಲ್ಕತ್ತೆಯಲ್ಲಿ ಬಸ್ ಡ್ರೈವರ್ ಆಗಿ, ಒಂದು ಮಗು ಗಾಡಿಗೆ ಸಿಕ್ಕು, ಜನರ ಕೈಲಿ ಹೊಡೆಸಿಕೊಂಡು ಸಾಯುತ್ತಾನೆ.

ಬಿಳಿ ನಕ್ಷತ್ರದ ಜೀಪಿನ ಮುಂದೆ ನಿಂತಾಗ ನನಗೆ ಕಾಡುವುದು ಆ ಕಾಳಿ. ಅವು ಈ ಬೀದಿಗಳಲ್ಲಿ ಓಡಾಡಿದ ಕಾಲ ಯಾವುದು? ಜಪಾನೀಯರ ಕೈಗೆ ಸಿಗಬಾರದೆಂದು 1942ರಲ್ಲಿ ಸರ್ಕಾರ ಕರಾವಳಿ ಬಂಗಾಳದ ದೋಣಿಗಳನ್ನು ಕಿತ್ತುಕೊಂಡಿತು, ಎಷ್ಟನ್ನೋ ಒಡೆದುಹಾಕಿತು. ಮೀನುಗಾರರ ಅನ್ನ ಹೋಯಿತು, ಅಕ್ಕಿ ಸಾಗಿಸುವ ದಾರಿ ಮುಚ್ಚಿತು. 1943ರ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜು. ಸೈನ್ಯದ ಲಾರಿಗಳು ಓಡುತ್ತಿದ್ದ ರಸ್ತೆಯ ಫುಟ್‌ಪಾತಿನಲ್ಲಿ ಹಳ್ಳಿಯ ಜನ ಗಂಜಿಗಾಗಿ ಕೂಗುತ್ತಿದ್ದರು. ಜೀಪು ಉಳಿಯಿತು, ಆ ದೋಣಿಗಳಲ್ಲಿ ಒಂದನ್ನಾದರೂ ತಿಕ್ಕಿ ತೊಳೆದು ಮೆರವಣಿಗೆ ಮಾಡಿದ್ದು ನಾನು ಕಂಡಿಲ್ಲ.

ಮೂರನೆಯದು 'ಕೋಮಲ್ ಗಾಂಧಾರ್' (1961). ಪದ್ಮಾ ನದಿಯ ದಂಡೆ, ಆಚೆ ಪೂರ್ವ ಬಂಗಾಳ. ಕ್ಯಾಮೆರಾ ಹಳಿಗಳ ಮೇಲೆ ಓಡಿ ಓಡಿ, ಹಳಿ ಮುಗಿಯುವ ಬಫರಿಗೆ ಬಂದು ಅಪ್ಪಳಿಸುತ್ತದೆ. ಪರದೆ ಕಪ್ಪು. ಇಲ್ಲಿ ನಾನು ನಮ್ಮ ಅರಸಾಳು ಸ್ಟೇಷನ್ನನ್ನು ನೆನೆಯದೆ ಇರಲಾರೆ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಆ ಹಳೆಯ ಕಟ್ಟಡ 2020ರಲ್ಲಿ ಮ್ಯೂಸಿಯಂ ಆಯಿತು. ಒಳ್ಳೆಯ ಕೆಲಸ. ಮೀಟರ್‌ಗೇಜಿನ ನೆನಪಿಗೆ ಕಣ್ಣು ಒದ್ದೆ ಮಾಡಿಕೊಳ್ಳುವವರಲ್ಲಿ ನಾನೂ ಒಬ್ಬ. ಆದರೆ ನಮ್ಮಲ್ಲಿ ಹಳಿ ಅಗಲವಾಯಿತು, ಅಷ್ಟೆ. ತಾಳಗುಪ್ಪಕ್ಕೆ ರೈಲು ಈಗಲೂ ಹೋಗುತ್ತದೆ. ಪದ್ಮೆಯ ದಂಡೆಯಲ್ಲಿ ನಿಂತವರಿಗೆ ಆಚೆ ದಡದಲ್ಲಿ ಮನೆಯೇ ಇತ್ತು. ಎರಡನ್ನೂ 'ಹಳೆಯ ನೆನಪು' ಎಂಬ ಒಂದೇ ಚೀಲಕ್ಕೆ ತುಂಬುವುದು ನನಗೆ ಒಪ್ಪಿಗೆಯಿಲ್ಲ.

ಘಟಕ್ ಅತಿ ಮಾಡುತ್ತಾರೆ ಎನ್ನುವವರಿದ್ದಾರೆ. ಹೌದು, ಮಾಡುತ್ತಾರೆ, 'ಸುವರ್ಣರೇಖಾ'ದ ಕೊನೆಯ ಆಕಸ್ಮಿಕಗಳು ನನಗೂ ಭಾರವೇ. 'ಅಜಾಂತ್ರಿಕ್'ನ ಕೊನೆ ಮಾತ್ರ ಹಗುರ. ಗುಜರಿಯವನು ಜಗದ್ದಲನನ್ನು ಬಿಚ್ಚಿ ಒಯ್ಯುತ್ತಾನೆ. ಅಳುತ್ತಿದ್ದ ಬಿಮಲನಿಗೆ ಹಾರ್ನಿನ ಸದ್ದು ಕೇಳುತ್ತದೆ: ಬಿದ್ದಿದ್ದ ಹಾರ್ನನ್ನು ಒಂದು ಮಗು ಒತ್ತಿ ಆಡುತ್ತಿದೆ. ಅವನು ನಗುತ್ತಾನೆ.

ಹಿಂದಿನ ಸಲ ರ‍್ಯಾಲಿಯಲ್ಲಿ ಒಬ್ಬ ಜೀಪಿನ ಮಾಲೀಕರನ್ನು ಕೇಳಿದೆ: "ಯುದ್ಧ ಮುಗಿದ ಮೇಲೆ ಇದನ್ನು ಯಾರು ಓಡಿಸುತ್ತಿದ್ದರು, ದಾದಾ?" ಅವರು ಎಂಜಿನ್ ಎಷ್ಟು ಸಿಸಿ ಎಂದು ಹೇಳಿದರು.