ಕಾಗದದ ಸುದ್ದಿ, ಕೈಫೋನಿನ ಸುದ್ದಿ

ಅಚ್ಚಾದ ಪತ್ರಿಕೆಯೇ ಕಾಳು, ಅಂತರ್ಜಾಲದ ಸುದ್ದಿಯೆಲ್ಲ ಹೊಟ್ಟು ಎನ್ನುವ ಹಿರಿಯರು ನಮ್ಮ ಸಂಘದಲ್ಲಿ ಕಡಿಮೆಯಿಲ್ಲ. ಪತ್ರಿಕೆಯ ಕಾಲ ಮುಗಿಯಿತು, ಅದಿನ್ನು ಬೋಂಡ ಕಟ್ಟುವುದಕ್ಕಷ್ಟೇ ಎನ್ನುವ ತರುಣರೂ ಕಡಿಮೆಯಿಲ್ಲ. ಬೆಂಗಳೂರಿನಲ್ಲಿ ಕುಳಿತವರಿಗೆ ಈ ಎರಡು ಮಾತೂ ಸುಲಭ. ಕೋಡಂಬಾಕ್ಕಂನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗನಿಗೆ ಪ್ರಶ್ನೆ ಅಷ್ಟು ಸರಳವಲ್ಲ. ಬೆಳಗ್ಗೆ ನಮ್ಮ ಬಾಗಿಲಿಗೆ ಬಂದು ಬೀಳುವ ಪತ್ರಿಕೆ ತಮಿಳಿನದು, ಇಲ್ಲವೆ ಇಂಗ್ಲಿಷಿನದು. ಕನ್ನಡದ ಸುದ್ದಿ ಬರುವುದು ಕೈಫೋನಿನಲ್ಲಿ. ಆದುದರಿಂದ ಕೈಫೋನನ್ನು ಸುಮ್ಮನೆ ಹಳಿದರೆ ಉಂಡ ಮನೆಗೆ ಎರಡು ಬಗೆದಂತಾಗುತ್ತದೆ.

‘ಬೇಡರ ಕಣ್ಣಪ್ಪ’ 1954ರಲ್ಲಿ ತೆರೆ ಕಂಡಾಗ ಕನ್ನಡ ಚಿತ್ರಗಳ ತಯಾರಿಕೆಗೆ ಮದರಾಸೇ ನೆಲೆ. ಆ ಕಾಲದಲ್ಲಿ ಇಲ್ಲಿಗೆ ಬಂದವರಲ್ಲಿ ನನ್ನ ತಂದೆಯವರೂ ಒಬ್ಬರು. ಒಂದು ಸ್ಟುಡಿಯೋದಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರಿಗೆ ಕನ್ನಡ ಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ಸೋಮವಾರದ ಪತ್ರಿಕೆ ಬುಧವಾರ. ತಂಗಳು ಸುದ್ದಿ ಎಂದು ನಾವು ಮಕ್ಕಳು ನಗುತ್ತಿದ್ದೆವು. ಅವರು ಮಾತ್ರ ಮೊದಲ ಪುಟದ ತಲೆಬರಹದಿಂದ ಹಿಡಿದು ಕೊನೆಯ ಪುಟದ ತಳದಲ್ಲಿರುವ ಮುದ್ರಕರ ಹೆಸರಿನವರೆಗೆ ಓದಿ, ಮಡಿಸಿ, ತಾರೀಖಿನ ಪ್ರಕಾರ ಜೋಡಿಸಿಡುತ್ತಿದ್ದರು. ಊರಿನ ಮಳೆ, ಊರಿನ ಸಾವು, ಊರಿನ ಚುನಾವಣೆ ಎಲ್ಲವೂ ನಮ್ಮ ಮನೆಗೆ ಎರಡು ದಿನ ತಡವಾಗಿಯೇ ಬರುತ್ತಿತ್ತು.

ಆ ಎರಡು ದಿನಗಳ ದೂರವನ್ನು ಅಳಿಸಿದ್ದು ಅಂತರ್ಜಾಲ. 1996ರಲ್ಲಿ ಡಾ. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ ಜಾಲತಾಣವನ್ನು ಆರಂಭಿಸಿದರು. ಮುಂದೆ ದಿನಪತ್ರಿಕೆಗಳೂ ಒಂದೊಂದಾಗಿ ಅದೇ ಹಾದಿ ಹಿಡಿದವು. ಇಂದು ಧಾರವಾಡದವರು ಧಾರವಾಡದ ಪುಟವನ್ನೂ, ಕುಂದಾಪುರದವರು ಕರಾವಳಿಯ ಪುಟವನ್ನೂ ಇಲ್ಲಿಯ ಲೋಕಲ್ ರೈಲಿನಲ್ಲಿ ನಿಂತೇ ಓದಬಹುದು. ತಂದೆಯವರ ಕಾಲದಲ್ಲಿ ಹಣ ಕೊಟ್ಟರೂ ಸಿಗದಿದ್ದ ಸೌಕರ್ಯ ಇದು.

ಇನ್ನೊಂದು ಸಂಗತಿಯನ್ನು ಚೆನ್ನೈಯವರು ಮರೆಯಲಾರರು. 2015ರ ಡಿಸೆಂಬರಿನ ಮಹಾಮಳೆಯಲ್ಲಿ ಮರೈಮಲೈ ನಗರದ ಮುದ್ರಣಾಲಯಕ್ಕೆ ಕೆಲಸಗಾರರು ತಲುಪಲಾಗದೆ, 1878ರಲ್ಲಿ ಹುಟ್ಟಿದ ‘ದಿ ಹಿಂದೂ’ ಪತ್ರಿಕೆಯ ಚೆನ್ನೈ ಆವೃತ್ತಿ 2ನೆಯ ತಾರೀಖಿನಂದು ಅಚ್ಚಾಗಲಿಲ್ಲ. ಅಂದು ಯಾವ ಬೀದಿಯಲ್ಲಿ ನೀರು ಎಷ್ಟಿದೆ, ಎಲ್ಲಿ ಅನ್ನ ಸಿಗುತ್ತದೆ ಎಂಬುದನ್ನು ತಿಳಿಸಿದ್ದು ಕೈಫೋನೇ. ಕಾಗದವನ್ನು ಹೊಗಳುವವರು ಈ ಋಣವನ್ನು ಮೊದಲು ಒಪ್ಪಿಕೊಳ್ಳಬೇಕು.

ಒಪ್ಪಿಕೊಂಡ ಮೇಲೆ ಕೇಳಬೇಕಾದ ಪ್ರಶ್ನೆ ಒಂದಿದೆ: ಸುದ್ದಿ ಬೇಗ ಬಂದರೆ ಸಾಕೆ?

ಪತ್ರಿಕೆಯ ಪುಟವೆಂಬುದು ಒಂದು ತೀರ್ಮಾನ. ಹತ್ತು ಸುದ್ದಿಗಳಲ್ಲಿ ಯಾವುದು ದೊಡ್ಡದು, ಯಾವುದಕ್ಕೆ ನಾಲ್ಕು ಸಾಲು ಸಾಕು ಎಂದು ಒಬ್ಬ ಸಂಪಾದಕ ರಾತ್ರಿ ಕುಳಿತು ಅಳೆದಿರುತ್ತಾನೆ. ಆ ಅಳತೆ ತಪ್ಪಾಗಿರಬಹುದು. ಆದರೆ ಅದು ಕಣ್ಣೆದುರಿಗಿದೆ, ಓದುಗ ಜಗಳವಾಡಬಹುದು. ಕೈಫೋನಿನಲ್ಲಿ ಮುಖ್ಯಮಂತ್ರಿಯ ಹೇಳಿಕೆ, ನಟಿಯ ಮದುವೆ, ರೈತನ ಆತ್ಮಹತ್ಯೆ ಎಲ್ಲಕ್ಕೂ ಒಂದೇ ಗಾತ್ರ, ಒಂದೇ ದನಿ. ನಿನ್ನೆ ಯಾವುದನ್ನು ಒತ್ತಿದೆವೋ ಅದರ ತಮ್ಮಂದಿರೇ ಇಂದು ಸಾಲಾಗಿ ಬಂದು ನಿಲ್ಲುತ್ತಾರೆ. ತಲೆಬರಹವೂ ಸುದ್ದಿಯನ್ನು ಹೇಳುವುದಿಲ್ಲ, ಬಚ್ಚಿಡುತ್ತದೆ. ‘ಆಮೇಲೆ ಆದದ್ದೇನು ಗೊತ್ತೆ?’ ಎಂಬುದು ಜಾತ್ರೆಯಲ್ಲಿ ಡೇರೆಯ ಮುಂದೆ ನಿಂತು ಕೂಗುವವನ ಮಾತಾಯಿತೇ ಹೊರತು ಪತ್ರಿಕೆಯ ಮಾತಾಗಲಿಲ್ಲ.

ಇದರಿಂದಾಗುವ ಕೇಡನ್ನು ನಾನು ಕಂಡದ್ದು 2016ರ ಸೆಪ್ಟೆಂಬರಿನಲ್ಲಿ. ಕಾವೇರಿಯಿಂದ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟು 5ರಂದು ಹೇಳಿತ್ತು. 12ರಂದು ಅದನ್ನು 12,000ಕ್ಕೆ ಇಳಿಸಿತು. ಅದೇ 12ರಂದು ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು. ಇಲ್ಲಿ, ಉಡುಪಿ ಕಡೆಯಿಂದ ಬಂದ ಕೃಷ್ಣರಾಯರು ಕಟ್ಟಿದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ದಾಳಿಯಾಯಿತು. ಇವು ನಿಜ ಸುದ್ದಿಗಳು. ಇವುಗಳ ನಡುವೆ ನನ್ನ ಫೋನಿಗೆ ಒಂದು ಚಿತ್ರ ಬಂತು: ವಡಪಳನಿ ಬಸ್ ನಿಲ್ದಾಣದಲ್ಲಿ ಕರ್ನಾಟಕದವರ ವಾಹನಕ್ಕೆ ಬೆಂಕಿ. ನಾನು ಹಿಂದೆಮುಂದೆ ನೋಡದೆ ಅದನ್ನು ನೆಂಟರಿಗೆಲ್ಲ ರವಾನಿಸಿದೆ. ಮೈಸೂರಿನಿಂದ ಅಕ್ಕ ಅಳುತ್ತಾ ಫೋನು ಮಾಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ವಡಪಳನಿಗೆ ನಡೆದು ಹೋದೆ. ನಿಲ್ದಾಣದಲ್ಲಿ ಬಸ್ಸುಗಳು ನಿಂತಿದ್ದವು. ಜನ ಬಜ್ಜಿ ತಿನ್ನುತ್ತಿದ್ದರು. ಇಪ್ಪತ್ತು ನಿಮಿಷದ ನಡಿಗೆಯಲ್ಲಿ ತಿಳಿಯಬಹುದಾದ ಸತ್ಯಕ್ಕೆ ನಾನು ಕಾದಿರಲಿಲ್ಲ.

ಆ ಚಿತ್ರಕ್ಕೆ ತಂದೆತಾಯಿ ಇರಲಿಲ್ಲ. ಪತ್ರಿಕೆಗೆ ಇರುತ್ತದೆ. ತಂದೆಯವರು ಬಿಡದೆ ಓದುತ್ತಿದ್ದ ಆ ಕೊನೆಯ ಸಾಲಿನ ಬೆಲೆ ನನಗೆ ಅಂದು ತಿಳಿಯಿತು. ಮುದ್ರಕ, ಪ್ರಕಾಶಕರ ಹೆಸರನ್ನು ಅಚ್ಚು ಹಾಕಬೇಕೆಂಬ ಕಟ್ಟಳೆ 1867ರ ಕಾಯ್ದೆಯಿಂದ ಬಂದದ್ದು. ಬ್ರಿಟಿಷ್ ಸರ್ಕಾರ ಅದನ್ನು ಮಾಡಿದ್ದು ತನ್ನ ಕಾವಲಿಗೆ. ಆದರೆ ಓದುಗನಿಗೂ ಅದರಿಂದ ಒಂದು ಹಕ್ಕು ದಕ್ಕಿತು: ಈ ಮಾತಿಗೆ ಯಾರು ಹೊಣೆ ಎಂದು ಕೇಳುವ ಹಕ್ಕು. ಅಚ್ಚಾದ ತಪ್ಪನ್ನು ಪತ್ರಿಕೆ ನುಂಗಲಾರದು. ಮರುದಿನ ತಿದ್ದುಪಡಿ ಹಾಕಬೇಕು. ಜಾಲದಲ್ಲಿ ಬೆಳಗಿನ ತಪ್ಪು ಮಧ್ಯಾಹ್ನಕ್ಕೆ ಸದ್ದಿಲ್ಲದೆ ಮಾಯವಾಗಬಹುದು.

ಕಾಗದ ಎಂದ ಮಾತ್ರಕ್ಕೆ ಪಕ್ಷಪಾತ ಇಲ್ಲವೆಂದಲ್ಲ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕದ ಪಾಲು 14.75 ಟಿಎಂಸಿ ಹೆಚ್ಚಿತು; ತಮಿಳುನಾಡಿಗೆ ಬಿಡಬೇಕಾದ ನೀರು 177.25ಕ್ಕೆ ಇಳಿಯಿತು. ಒಂದೇ ಅಂಕಿ ಅಲ್ಲಿ ಲಾಭ, ಇಲ್ಲಿ ನಷ್ಟ. ಎರಡು ನುಡಿಯ ಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟು ಓದಬಲ್ಲವನಿಗೆ ಎರಡೂ ಕಡೆಯ ಹೊಲ ಕಾಣುತ್ತದೆ. ಆ ಭಾಗ್ಯ ನಮ್ಮಂಥ ವಲಸಿಗರದು. ಒತ್ತಿದ್ದನ್ನೇ ಮತ್ತೆ ಮತ್ತೆ ತಂದೊಡ್ಡುವ ಫೋನು ಅದನ್ನು ನಮ್ಮಿಂದ ಕಿತ್ತುಕೊಳ್ಳದಂತೆ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ನನ್ನನ್ನು ಚುಚ್ಚುವ ವಿಷಯ ಮಕ್ಕಳದು. 2006ರ ಕಾಯ್ದೆಯ ನಂತರ ಇಲ್ಲಿಯ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತು. ಇರುವ ನೆಲದ ನುಡಿಯನ್ನು ಕಲಿಯುವುದು ಒಳ್ಳೆಯದೇ. ಆದರೆ ಕನ್ನಡದ ಅಕ್ಷರಕ್ಕೆ ಉಳಿದ ಶಾಲೆ ಮನೆಯೊಂದೇ. ನನಗೆ ಒತ್ತಕ್ಷರ ಕಲಿಸಿದ್ದು ಯಾವ ಮೇಷ್ಟರೂ ಅಲ್ಲ. ಊಟದ ಮನೆಯ ನೆಲದ ಮೇಲೆ ಬಿದ್ದಿರುತ್ತಿದ್ದ ಬುಧವಾರದ ಪತ್ರಿಕೆ. ಯಾರೂ ಓದು ಎನ್ನದಿದ್ದರೂ ಕಣ್ಣಿಗೆ ಬೀಳುತ್ತಿತ್ತು. ಫೋನಿನ ಕನ್ನಡ ಹಾಗೆ ನೆಲದ ಮೇಲೆ ಬಿದ್ದಿರುವುದಿಲ್ಲ, ಅಪ್ಪನ ಜೇಬಿನಲ್ಲಿರುತ್ತದೆ. ಮಗುವಿನ ಕೈಗೆ ಸಿಕ್ಕರೂ ಅದು ವಿಡಿಯೋ ನೋಡುತ್ತದೆ, ಕನ್ನಡ ಕೇಳುತ್ತದೆ, ಓದುವುದಿಲ್ಲ. ನನ್ನ ಮೊಮ್ಮಗಳು ಅಚ್ಚ ಕನ್ನಡದಲ್ಲಿ ಜಗಳವಾಡುತ್ತಾಳೆ. ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲಾರಳು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದಾಗ ಮಂಗಳೂರು ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತೆಗೆಸಿದರು. ಕಲ್ಲಿನಿಂದ ಮೊಳೆಗೆ, ಮೊಳೆಯಿಂದ ಗಾಜಿನ ಪರದೆಗೆ ಅಕ್ಷರ ಸಾಗಿ ಬಂದಿದೆ. ಅದನ್ನು ತಡೆಯುವವರು ನಾವಲ್ಲ. ತುರ್ತಿಗೆ ಫೋನು ಇರಲಿ. ಊರ ಪುಟಕ್ಕೆ, ಪುಟವನ್ನು ಪುಟವಾಗಿಯೇ ತೋರಿಸುವ ಇ-ಪತ್ರಿಕೆ ಇರಲಿ. ಆದರೆ ವಾರಕ್ಕೊಂದಾದರೂ ಅಚ್ಚಾದ ಕನ್ನಡ ಪತ್ರಿಕೆ ಮನೆಯಲ್ಲಿ ಬಿದ್ದಿರಲಿ. ಊರಿಗೆ ಹೋದವರು ಬರುವಾಗ ಚಕ್ಕುಲಿಯ ಜೊತೆ ಅದನ್ನೂ ತರಲಿ. ಹಳೆಯದಾಗಿದ್ದರೂ ಚಿಂತೆಯಿಲ್ಲ. ನಾನು ಓದು ಕಲಿತದ್ದೂ ಎರಡು ದಿನ ತಂಗಳಾದ ಸುದ್ದಿಯಿಂದಲೇ.