ತಟ್ಟೆಯ ಚಿತ್ರವೂ ಅಡುಗೆಯ ವಿವೇಕವೂ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಭಾರತೀಯರ ಆಹಾರ ಮಾರ್ಗಸೂಚಿಗೆ ದೊರೆತ ಪ್ರಶಂಸೆಯ ಬಹುಭಾಗವು ಅದರೊಳಗಿನ ‘ದಿನದ ತಟ್ಟೆ’ಯ ಚಿತ್ರಕ್ಕೇ ಸಂದಿದೆ. ನನ್ನ ಅಭಿಪ್ರಾಯದಲ್ಲಿ, 17 ಸೂತ್ರಗಳ ಆ ಗ್ರಂಥದಲ್ಲಿ ಅತ್ಯಂತ ದುರ್ಬಲವಾದ ಪುಟವೇ ಅದು. ಉಪ್ಪು, ಸಕ್ಕರೆ, ಎಣ್ಣೆಗಳ ಮಿತಿಯನ್ನು ಕುರಿತ ಮಾತು ವಾಚಕರೆಲ್ಲ ಬಲ್ಲದ್ದಾದುದರಿಂದ ಇಲ್ಲಿ ಅದರ ವಿಸ್ತರಣೆ ಅನಾವಶ್ಯಕ.

ತಟ್ಟೆಯ ಲೆಕ್ಕವನ್ನು ನೋಡಬೇಕು. 2000 ಕಿಲೋಕ್ಯಾಲೊರಿಯ ಆಹಾರಕ್ಕೆ ಧಾನ್ಯ 250 ಗ್ರಾಂ, ಸೊಪ್ಪು ತರಕಾರಿ 400, ಹಣ್ಣು 100, ಬೇಳೆಕಾಳು ಅಥವಾ ಮೊಟ್ಟೆ ಮಾಂಸ 85, ಹಾಲು 300 ಮಿಲಿಲೀಟರು. ಶಾಸ್ತ್ರದೃಷ್ಟಿಯಿಂದ ಇದು ನಿರ್ದುಷ್ಟವಾದದ್ದೆಂದು ಒಪ್ಪುತ್ತೇನೆ. ಆದರೆ ಐವರು ವಯಸ್ಕರ ಮನೆಯೊಂದಕ್ಕೆ ಇದು ದಿನವೂ ಎರಡು ಕಿಲೋ ತರಕಾರಿ, ಅರ್ಧ ಕಿಲೋ ಹಣ್ಣು, ಒಂದೂವರೆ ಲೀಟರು ಹಾಲೆಂದಾಗುವಾಗ, ಕೂಲಿಯಿಂದ ಜೀವಿಸುವ ಗೃಹಿಣಿಗೆ ಆ ಪುಟ ಯಾವ ದಾರಿಯನ್ನೂ ತೋರುವುದಿಲ್ಲ. ಇದೇ ಸಂಸ್ಥೆಯ ಪೂರ್ವರೂಪವಾದ ಕೂನೂರಿನ ಪ್ರಯೋಗಾಲಯದಿಂದ 1937ರಲ್ಲಿ ಕಿರುಹೊತ್ತಗೆಯೊಂದನ್ನು ಹೊರತಂದ ಆಯ್ಕ್ರಾಯ್ಡ್, ಆಹಾರದ ಗುಣದೊಡನೆ ಅದರ ವೆಚ್ಚವನ್ನೂ ಚರ್ಚಿಸಿದ್ದನಲ್ಲದೆ, ಕೆನೆ ತೆಗೆದ ಹಾಲನ್ನು ಮಕ್ಕಳಿಗೆ ಕೊಟ್ಟು ಅದರ ಪರಿಣಾಮವನ್ನು ಪರೀಕ್ಷಿಸಿದ್ದನು.

ಗ್ರಂಥದ ನಿಜವಾದ ಸತ್ವವಿರುವುದು, ವಿಮರ್ಶಕರು ಕಣ್ಣಾಡಿಸಿ ಬಿಟ್ಟ ಅಡುಗೆಯ ಅಧ್ಯಾಯದಲ್ಲಿ. ತರಕಾರಿ ಬೆಂದ ನೀರನ್ನು ಚೆಲ್ಲಬಾರದೆಂಬ ಅಲ್ಲಿನ ಒಂದು ಮಾತನ್ನೇ ತೆಗೆದುಕೊಳ್ಳೋಣ. ಸಿ ಜೀವಸತ್ವ, ಫೋಲೇಟು, ಪೊಟ್ಯಾಸಿಯಂಗಳು ನೀರಿಗೆ ಇಳಿಯುವಂಥವು; ಚೆಲ್ಲಿದ ನೀರಿನೊಡನೆ ಅವೂ ಹೋಗುತ್ತವೆ. ಮಂಡ್ಯ, ಹಾಸನಗಳ ಬಸ್ಸಾರಿನಲ್ಲಿ ಈ ವಿವೇಕ ಪ್ರತ್ಯಕ್ಷವಾಗಿದೆ: ಕಾಳನ್ನು ಬೇಯಲಿಟ್ಟು, ಅದು ಮೆತ್ತಗಾಗುತ್ತ ಬಂದಾಗ ದಂಟಿನ ಸೊಪ್ಪನ್ನು ಹಾಕಿ, ಕಟ್ಟನ್ನು ಬಸಿದು, ಬೆಂದುದರಲ್ಲಿ ಒಂದು ಹಿಡಿಯನ್ನು ಖಾರದೊಡನೆ ರುಬ್ಬಿ ಆ ಕಟ್ಟಿಗೇ ಬೆರೆಸಿ ಕುದಿಸಿದರೆ ಸಾರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಇಲ್ಲಿ ವ್ಯರ್ಥವಾಗುವುದು ಅತ್ಯಲ್ಪ.

ಇಷ್ಟರಿಂದ, ಹಿರಿಯರ ಊಟವೇ ಪರಿಪೂರ್ಣವಾದದ್ದು, ಮಾರ್ಗಸೂಚಿಯೇ ಅನಗತ್ಯ ಎನ್ನುವ ಸಿರಿಧಾನ್ಯಪಕ್ಷದ ವಿಮರ್ಶಕರಿಗೆ ಬೆಂಬಲ ದೊರೆಯಿತೆಂದು ಯಾರೂ ಭಾವಿಸದಿರಲಿ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣಾಂಶವಿದೆಯೆಂದು ಅವರು ಹೇಳುವುದು ನಿಜ. ಆದರೆ ಅದೇ ಕಾಳಿನ ಫೈಟೇಟು ಸುಣ್ಣವನ್ನೂ ಕಬ್ಬಿಣವನ್ನೂ ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುವುದನ್ನೂ, ಮೊಳಕೆ ಕಟ್ಟಿದರೆ ಆ ಬಂಧ ಸಡಿಲುವುದನ್ನೂ ಅವರು ಹೇಳುವುದೇ ಇಲ್ಲ. ಬೇಳೆಯ ಹೆಸರಿಗಷ್ಟೇ ಇದ್ದ ತೆಳುಸಾರಿನಲ್ಲಿ ಮುದ್ದೆ ನುಂಗಿ ದುಡಿದ ಹಿರಿಯರು ಸುಪುಷ್ಟರಾಗಿದ್ದರೆಂಬುದು ಅವರ ಬಡತನಕ್ಕೆ ನಾವು ಮಾಡುವ ಅನ್ಯಾಯ. ಧಾನ್ಯದಿಂದಲೇ ಶೇಕಡ 50ರಿಂದ 70ರಷ್ಟು ಶಕ್ತಿ ಬರುತ್ತಿರುವ ನಾಡಿನಲ್ಲಿ ಅದನ್ನು 45ಕ್ಕೆ ಇಳಿಸಿರೆಂದ ಸಂಸ್ಥೆಯ ಮಾತು ಸರಿಯಾದದ್ದೇ.

ಇಳಿಸಿದ ಆ ಸ್ಥಾನವನ್ನು ಯಾವುದರಿಂದ ತುಂಬಬೇಕೆಂಬಲ್ಲಿಯೇ ಗ್ರಂಥ ಸೋಲುತ್ತದೆ. ಪ್ರೋಟೀನಿನಲ್ಲಿ ಹುರುಳಿಯು ತೊಗರಿಬೇಳೆಗೆ ಸರಿಸಮವೆಂದು, 100 ಗ್ರಾಮಿಗೆ ಹೆಚ್ಚುಕಡಮೆ 22 ಗ್ರಾಮೆಂದು, 2017ರ ತನ್ನದೇ ಆಹಾರಕೋಷ್ಟಕದಲ್ಲಿ ಅಚ್ಚುಮಾಡಿದ ಸಂಸ್ಥೆಯು, ತೊಗರಿಯ ಬೆಲೆ ಏರಿದ ತಿಂಗಳಲ್ಲಿ ಆ 85 ಗ್ರಾಮನ್ನು ಹುರುಳಿಯಿಂದ ತುಂಬಿಕೊಳ್ಳಿರೆಂದು ತಟ್ಟೆಯ ಬದಿಯಲ್ಲಿ ಬರೆಯಬೇಕಾಗಿತ್ತು.